ಸಿ ರಿಪೋರ್ಟ್ ಆದ ಕೇಸಿಗೆ ಮತ್ತೆ ಕೈ ಹಾಕಿದ್ದು

ಸಿನಿಮಾದಲ್ಲಿ ತೋರಿಸುವ ಡಿಟೆಕ್ಟಿವ್ ಅನ್ನೋ ಹುದ್ದೆ ನಮ್ಮ ಪೊಲೀಸ್ ಠಾಣೆಗಳಲ್ಲಿಲ್ಲ. ನಮ್ಮನ್ನು ಕ್ರೈಂ ಸ್ಟಾಫ್ ಅಂತಾರೆ, ಅಷ್ಟೇ. ಯೂನಿಫಾರ್ಮ್ ಇಲ್ಲದೆ ಹಳೇ ಬೈಕಿನಲ್ಲಿ ಸಂತೆ, ಬಸ್ ಸ್ಟ್ಯಾಂಡು, ವೈನ್ ಶಾಪು ಅಂತ ಸುತ್ತುವ ಪೇದೆಗಳು, ಹೆಡ್ ಕಾನ್ಸ್‌ಟೇಬಲ್‌ಗಳು, ಎಎಸ್‌ಐಗಳು. ಕೊಲೆ ಕೇಸಿಗೆ ತನಿಖಾಧಿಕಾರಿ ಇನ್ಸ್‌ಪೆಕ್ಟರು. ಚಪ್ಪಲಿ ಸವೆಸುವವರು ನಾವು. ನಾನು 1988ರಲ್ಲಿ ಪೇದೆಯಾಗಿ ಸೇರಿದೆ, 2024ರಲ್ಲಿ ಎಎಸ್‌ಐ ಆಗಿ ನಿವೃತ್ತನಾದೆ. ನಡುವೆ ಹನ್ನೊಂದು ತಿಂಗಳು ಸಸ್ಪೆಂಡ್ ಆಗಿದ್ದೆ. ಅರ್ಧ ಸಂಬಳ, ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ, ನಾನು ಬಾಡಿಗೆ ಮನೆಯಲ್ಲಿ ಬಾಟಲಿ ಜೊತೆ. ಬಂದೋಬಸ್ತ್ ಡ್ಯೂಟಿಗೆ ಕುಡಿದು ಹೋಗಿದ್ದಕ್ಕೆ ಆಗಿದ್ದು ಅದು. ಈಗ ಹೇಳಲು ಹೊರಟ ಕೇಸಿನಿಂದಾಗಿಯೇ ಕುಡಿತ ಕಲಿತೆ ಎಂದರೆ ಕೇಳೋಕೆ ಚೆನ್ನಾಗಿರುತ್ತದೆ. ಸುಳ್ಳು. ಅದಕ್ಕೂ ಮೊದಲೇ ಕುಡಿಯುತ್ತಿದ್ದೆ. ಆಮೇಲೆ ಜಾಸ್ತಿ ಆಯಿತು ಎಂದರೆ ನಿಜ.

2022ರ ಡಿಸೆಂಬರಿನಲ್ಲಿ ಮೇಲಿನಿಂದ ಒಂದು ಮೆಮೋ ಬಂತು. ಪತ್ತೆಯಾಗದೆ ಮುಚ್ಚಿಹೋದ ಹಳೇ ಕೊಲೆ ಕೇಸುಗಳ ಪಟ್ಟಿ ಕಳಿಸಿ ಅಂತ. ಗೊತ್ತಿಲ್ಲದವರಿಗೆ ಹೇಳಬೇಕು: ತನಿಖೆ ಮುಗಿದ ಮೇಲೆ ಆರೋಪಿ ಸಿಕ್ಕಿ ಸಾಕ್ಷಿ ಇದ್ದರೆ ಚಾರ್ಜ್‌ಶೀಟ್ ಹಾಕುತ್ತೇವೆ. ದೂರೇ ಸುಳ್ಳು ಅಥವಾ ಅದರಲ್ಲಿ ಹುರುಳಿಲ್ಲ ಎಂದರೆ ಬಿ ರಿಪೋರ್ಟ್. ಅಪರಾಧ ನಡೆದದ್ದು ನಿಜ, ಮಾಡಿದವರು ಸಿಗಲಿಲ್ಲ ಎಂದರೆ ಸಿ ರಿಪೋರ್ಟ್. ಸಿ ರಿಪೋರ್ಟ್ ಆದರೆ ಕೇಸು ಸತ್ತ ಹಾಗಲ್ಲ. ಕೊಲೆಗೆ ಕಾಲಮಿತಿ ಎಂಬುದಿಲ್ಲ, ಹೊಸ ಸುಳಿವು ಸಿಕ್ಕರೆ ಯಾವತ್ತಾದರೂ ಮುಂದುವರಿಸಬಹುದು. ಆದರೆ ಯಾರು ಮುಂದುವರಿಸುತ್ತಾರೆ ಹೇಳಿ? ದಿನಾ ಬರುವ ಹೊಸ ಕೇಸುಗಳಿಗೇ ಜನ ಸಾಲಲ್ಲ.

ನಮ್ಮದು ಮಲೆನಾಡಿನ ಒಂದು ತಾಲ್ಲೂಕು. ಪಟ್ಟಿಯಲ್ಲಿ ನಾಲ್ಕು ಕೇಸುಗಳಿದ್ದವು. ಮೂರನೆಯದರ ವರ್ಷ 1999 ಎಂದು ನೋಡಿದ ಕೂಡಲೇ ಕ್ರೈಂ ನಂಬರ್ ಓದೋದೇ ಬೇಡವಾಯಿತು. ಇನ್ಸ್‌ಪೆಕ್ಟರ್ ಮೇಡಂ ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು. "ಆಗ ನೀವು ಇದೇ ಠಾಣೆಯಲ್ಲಿ ಇದ್ದಿರಂತಲ್ಲ, ನಿಮಗೇ ಗೊತ್ತಿರುತ್ತೆ, ಇದನ್ನ ನೀವೇ ನೋಡಿ" ಎಂದರು. ಹೂಂ ಮೇಡಂ ಎಂದೆ. ಬೇರೆ ಏನು ಹೇಳೋದು?

ಕೇಸು ಇಷ್ಟು. 1999ರ ಜನವರಿ, ಅಡಿಕೆ ಸುಗ್ಗಿ. ಒಂದೂವರೆ ಎಕರೆ ತೋಟದ ಸಣ್ಣ ಬೆಳೆಗಾರ. ಸುಲಿದು ಬೇಯಿಸಿ ಒಣಗಿಸಿದ ಅಡಿಕೆ ಅಂಗಳದ ಅಟ್ಟದಲ್ಲಿ, ಕೆಳಗೆ ಚೀಲ ಕಟ್ಟಿಟ್ಟಿದ್ದು ನಾಲ್ಕು. ಕಾವಲಿಗೆ ಕಂಬಳಿ ಹೊದ್ದು ಅವನೇ ಮಲಗಿದ್ದ. ಬೆಳಿಗ್ಗೆ ಹೆಂಡತಿ ಕಾಫಿ ತೆಗೆದುಕೊಂಡು ಹೋದಾಗ ತಲೆ ಒಡೆದು ಸತ್ತಿದ್ದ, ನಾಲ್ಕು ಚೀಲವೂ ಇರಲಿಲ್ಲ. ಪಕ್ಕದಲ್ಲಿ ಸೀಮೆಎಣ್ಣೆ ಚೆಲ್ಲಿದ ಗುರುತಿತ್ತು, ಆದರೆ ಲಾಟೀನು ನೆಟ್ಟಗೆ ನಿಂತಿತ್ತು. ಉರುಳಿದ್ದನ್ನು ಯಾರೋ ಎತ್ತಿ ಇಟ್ಟಿದ್ದರು. ಗಾಜಿನ ಮಸಿಯಲ್ಲಿ ಒಂದು ಹೆಬ್ಬೆರಳು ಅಚ್ಚೊತ್ತಿದ ಹಾಗೆ ಮೂಡಿತ್ತು. ಜಿಲ್ಲೆಯಿಂದ ಬಂದ ಬೆರಳಚ್ಚಿನವರು ಅದರ ಫೋಟೊ ತೆಗೆದುಕೊಂಡರು.

ಅವತ್ತೇ ಸಂಜೆ ನಾವು ಒಬ್ಬನನ್ನು ಎತ್ತಿಕೊಂಡು ಬಂದೆವು. ಆ ತೋಟದ ಕೊನೆ, ಅಂದರೆ ಅಡಿಕೆ ಗೊಂಚಲು, ತೆಗೆಯಲು ಬರುತ್ತಿದ್ದ ಆಳು. ಕೂಲಿ ಬಾಕಿ ವಿಷಯಕ್ಕೆ ಸತ್ತವನ ಜೊತೆ ಹದಿನೈದು ದಿನದ ಹಿಂದೆ ಸಂತೆಯಲ್ಲಿ ಜಗಳ ಆಡಿದ್ದ. ಅಷ್ಟೇ ಕಾರಣ. ಮೂರು ರಾತ್ರಿ ಇಟ್ಟುಕೊಂಡೆವು. ಠಾಣಾ ದಿನಚರಿಯಲ್ಲಿ ಒಂದಕ್ಷರ ಇಲ್ಲ. ಬಂಧಿಸುವಾಗ ಏನೇನು ಮಾಡಬೇಕು ಎಂದು ಸುಪ್ರೀಂ ಕೋರ್ಟು ಡಿ.ಕೆ. ಬಸು ಕೇಸಿನಲ್ಲಿ 1996ರ ಡಿಸೆಂಬರಿನಲ್ಲೇ ಹನ್ನೊಂದು ಸೂಚನೆ ಕೊಟ್ಟಿತ್ತು. ಅದನ್ನು ಕನ್ನಡದಲ್ಲಿ ಬರೆಸಿದ ಬೋರ್ಡು ನಮ್ಮ ಠಾಣೆಯ ಗೋಡೆಯಲ್ಲಿ ನೇತಾಡುತ್ತಿತ್ತು. ಮೊಳೆ ಹೊಡೆದವನು ನಾನೇ. ಕೈ ಹಿಂದಕ್ಕೆ ಕಟ್ಟಿ ಹಗ್ಗದಲ್ಲಿ ಮೇಲೆತ್ತುವುದಕ್ಕೆ ಏರೋಪ್ಲೇನ್ ಎನ್ನುತ್ತಿದ್ದರು. ಹಗ್ಗ ಹಿಡಿದವನೂ ನಾನೇ. ನನಗಾಗ ಮೂವತ್ತೈದು, ಹುಡುಗು ಬುದ್ಧಿ ಎನ್ನುವ ಹಾಗೂ ಇಲ್ಲ. ಸಾಹೇಬರು ಹೇಳಿದರು, ಎಳೆದೆ. ಎರಡನೇ ರಾತ್ರಿ ಅವನ ಬಲ ಭುಜದಲ್ಲಿ ಏನೋ ಲಟಕ್ ಅಂತು.

ನಾಲ್ಕನೇ ದಿನ ಬೆರಳಚ್ಚಿನವರ ಉತ್ತರ ಬಂತು. ಹೊಂದಿಕೆ ಇಲ್ಲ. ಬಿಟ್ಟು ಕಳಿಸಿದರು. 2002ರಲ್ಲಿ ಸಿ ರಿಪೋರ್ಟ್.

ಈಗ ಫೈಲು ಹುಡುಕುವ ಕಥೆ. ಹಳೇ ರೆಕಾರ್ಡ್ ರೂಮು ಎಂದರೆ ನಮ್ಮಲ್ಲಿ ಲಾಕಪ್ಪಿನ ಹಿಂದಿನ ಕೋಣೆ. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ. ಕಟ್ಟುಗಳಿಗೆ ಬೂಸ್ಟು, ಕೆಳಗಿನ ಸಾಲಿಗೆ ಗೆದ್ದಲು. ನಾನು, ಒಬ್ಬ ಹೊಸ ಪೇದೆ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಎರಡು ದಿನ ಹುಡುಕಿದೆವು. ಸಿಕ್ಕಿತು. ಮಹಜರು, ಶವ ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ, ಇಪ್ಪತ್ತೆರಡು ಹೇಳಿಕೆ, ಎಲ್ಲಾ ಕಾರ್ಬನ್ ಕಾಪಿ. ಕೆಲವು ಹಾಳೆ ದೀಪಕ್ಕೆ ಹಿಡಿದರೆ ಮಾತ್ರ ಓದಲು ಬರುತ್ತಿತ್ತು.

ಮುದ್ದೆಮಾಲು, ಅಂದರೆ ಆಗ ವಶಪಡಿಸಿಕೊಂಡ ವಸ್ತುಗಳನ್ನು, ಕೇಳಲು ಕೋರ್ಟಿಗೆ ಹೋದೆ. ಕಂಬಳಿ, ರಕ್ತ ಹತ್ತಿದ ಗೋಣಿ, ಲಾಟೀನು ಎಲ್ಲ ಯಾವತ್ತೋ ಆದೇಶ ಆಗಿ ವಿಲೇವಾರಿ ಆಗಿವೆ. ಗುಮಾಸ್ತರು ರಿಜಿಸ್ಟರ್ ತೋರಿಸಿದರು. ಎಲ್ಲರೂ ಡಿಎನ್‌ಎ, ಡಿಎನ್‌ಎ ಅಂತಾರೆ. ಗೋಣಿಯೇ ಇಲ್ಲದ ಮೇಲೆ ಬೆಂಗಳೂರು ಮಡಿವಾಳದ ವಿಧಿವಿಜ್ಞಾನ ಲ್ಯಾಬಿಗೆ, ಅಂದರೆ ಎಫ್‌ಎಸ್‌ಎಲ್‌ಗೆ ಏನನ್ನು ಕಳಿಸೋದು? ಉಳಿದಿದ್ದು ಆ ಹೆಬ್ಬೆರಳಿನ ಫೋಟೊ ಒಂದೇ.

ಅದೇ ಕವರಿನಲ್ಲಿ ಇನ್ನೊಂದು ಕಾಗದ ಇತ್ತು. ಹೋಲಿಕೆಗೆಂದು ತೆಗೆದ ಹತ್ತು ಬೆರಳಿನ ಸ್ಲಿಪ್ಪು. ಆ ಕೊನೆ ತೆಗೆಯುವವನದ್ದು. ಮೇಲೆ ತಾರೀಖು, ಕೆಳಗೆ ಬೆರಳಚ್ಚು ತೆಗೆದವರ ಸಹಿ. ಸಹಿ ನನ್ನದು. ಇಡೀ ಫೈಲಿನಲ್ಲಿ ಆ ಮನುಷ್ಯ ಠಾಣೆಯೊಳಗೆ ಇದ್ದ ಎನ್ನುವುದಕ್ಕೆ ಇದ್ದ ಒಂದೇ ಗುರುತು ಅದು. ಬಲಗೈ ಅಚ್ಚುಗಳು ಒಂದೂ ನೆಟ್ಟಗೆ ಬಿದ್ದಿರಲಿಲ್ಲ. ಕೈ ನಡುಗುತ್ತಿತ್ತು ಅವನದ್ದು, ನನಗೆ ನೆನಪಿದೆ. ಹೊಸ ಪೇದೆ ಪಕ್ಕದಲ್ಲೇ ಇದ್ದ. ಬೀಡಿ ಸೇದಿ ಬರ್ತೀನಿ ಅಂತ ಹೊರಗೆ ಹೋದೆ. ಸ್ಲಿಪ್ಪು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡೆ ಕೂಡ. ಒಂದು ರಾತ್ರಿ ಮನೆಯಲ್ಲಿಟ್ಟುಕೊಂಡು ಮಾರನೇ ದಿನ ವಾಪಸ್ ಕವರಿನಲ್ಲಿ ಇಟ್ಟೆ. ಅದು ದೊಡ್ಡ ಸತ್ಯಸಂಧತೆ ಏನಲ್ಲ. ಇಷ್ಟು ವರ್ಷ ಗೆದ್ದಲೂ ಮುಟ್ಟದ ಕಾಗದವನ್ನು ನಾನು ತಿನ್ನೋದೇ ಎನಿಸಿತು.

ಬೆರಳಚ್ಚಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಪದ್ಧತಿಯಲ್ಲಿ ಹತ್ತೂ ಬೆರಳಿನ ವಿನ್ಯಾಸ ಸೇರಿಸಿ ಒಂದು ಸೂತ್ರ ಮಾಡಿ ಸ್ಲಿಪ್ಪುಗಳನ್ನು ಜೋಡಿಸಿಡುತ್ತಿದ್ದರು. ಹತ್ತೂ ಇದ್ದರೆ ಹುಡುಕಬಹುದು. ಜಾಗದಲ್ಲಿ ಸಿಕ್ಕ ಒಂಟಿ ಬೆರಳನ್ನು, ಅದನ್ನು ನಾವು ಛಾನ್ಸ್ ಪ್ರಿಂಟ್ ಅಂತೀವಿ, ಆ ರಾಶಿಯಲ್ಲಿ ಕೈಯಿಂದ ಹುಡುಕೋದು ಹೆಚ್ಚುಕಡಿಮೆ ಆಗದ ಕೆಲಸ. ಅನುಮಾನ ಇದ್ದವನನ್ನು ತಂದು ಹೋಲಿಸಬೇಕು. ಅನುಮಾನವೇ ತಪ್ಪಾದರೆ ಮುಗೀತು. ಈಗ ಹಾಗಿಲ್ಲ. 2022ರಲ್ಲಿ ಕೇಂದ್ರದ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿಯವರು ನಫೀಸ್ ಎಂಬ ವ್ಯವಸ್ಥೆ ಶುರು ಮಾಡಿದರು. ಬೇರೆ ಬೇರೆ ರಾಜ್ಯಗಳ ಬೆರಳಚ್ಚು ಒಂದೇ ಕಂಪ್ಯೂಟರಿನಲ್ಲಿ, ಬಂಧಿತರಾದ ಪ್ರತಿಯೊಬ್ಬರಿಗೂ ಹತ್ತು ಅಂಕಿಯ ನಂಬರು. ಒಂಟಿ ಬೆರಳು ಹಾಕಿದರೂ ಹತ್ತಿರದವರ ಪಟ್ಟಿ ಕೊಡುತ್ತದೆ. ಇವನೇ ಅಂತ ಮಷಿನ್ ಹೇಳಲ್ಲ. ಕೊನೆಗೆ ಮಸೂರ ಹಿಡಿದು ಗೆರೆ ಎಣಿಸಿ ಹೇಳುವವರು ತಜ್ಞರೇ.

ಮೇಡಂ ನ್ಯಾಯಾಲಯಕ್ಕೆ ಅರ್ಜಿ ಹಾಕಿ, 173(8)ರ ಕೆಳಗೆ ಮುಂದಿನ ತನಿಖೆ ಅಂತ ದಾಖಲು ಮಾಡಿದರು. ಆಗಿನ್ನೂ ಹಳೇ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ ಇತ್ತು. ಫೋಟೊ ಕಳಿಸಿದೆವು. ಮೂರು ತಿಂಗಳು ಸುದ್ದಿಯಿಲ್ಲ. 2023ರ ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಬೆರಳಚ್ಚು ಘಟಕದವರ ಫೋನು. "ನಿಮ್ಮ ಲಾಟೀನು ಸಿಕ್ಕಿತು ಕಣ್ರಿ" ಎಂದರು.

2009ರಲ್ಲಿ ಬಯಲುಸೀಮೆ ಕಡೆಯ ಇನ್ನೊಂದು ಜಿಲ್ಲೆಯಲ್ಲಿ ಅಡಿಕೆ ಕಳ್ಳತನಕ್ಕೆ ಶಿಕ್ಷೆಯಾಗಿದ್ದವನ ಬಲ ಹೆಬ್ಬೆರಳು. ಹಿಂದಕ್ಕೆ ಹೋಗಿ ಕೆದಕಿದರೆ 1999ರಲ್ಲಿ ಆತ ಮೆಟಡೋರ್ ಕ್ಲೀನರು. ಕೊಲೆಗೆ ಹತ್ತು ದಿನ ಮೊದಲು ಪಕ್ಕದ ಮನೆಯ ಅಡಿಕೆ ತುಂಬಲು ಅದೇ ಊರಿಗೆ ಬಂದಿದ್ದ. ಇದು ಆಗಿನ ಇಪ್ಪತ್ತೆರಡು ಹೇಳಿಕೆಗಳಲ್ಲಿ ಒಂದರಲ್ಲಿ, ಹನ್ನೊಂದನೆಯದರಲ್ಲಿ, ಒಂದು ಸಾಲಾಗಿ ಇತ್ತು. ಯಾರೂ ಓದಿರಲಿಲ್ಲ ಅಂತಲ್ಲ. ಓದುವ ಹೊತ್ತಿಗೆ ನಮಗೆ ಬೇಕಾದವನು ಒಳಗೆ ನೇತಾಡುತ್ತಿದ್ದ.

ಎಲ್ಲರೂ ಕೇಸ್ ಆಯ್ತು ಅಂದುಕೊಂಡರು. ನನಗೆ ಟ್ರೇನಿಂಗಿನಲ್ಲಿ ಕೇಳಿದ ಜಲ್ಪೈಗುರಿ ಕಥೆ ನೆನಪಾಯಿತು. ಪ್ರಪಂಚದ ಮೊದಲ ಬೆರಳಚ್ಚು ಬ್ಯೂರೊ ಶುರುವಾಗಿದ್ದು 1897ರಲ್ಲಿ ಕಲ್ಕತ್ತದಲ್ಲಿ. ಅದೇ ಸುಮಾರಿಗೆ ಬಂಗಾಳದ ಜಲ್ಪೈಗುರಿಯ ಚಹಾ ತೋಟದ ಮ್ಯಾನೇಜರನ ಕೊಲೆ ಆಯಿತು. ಪಂಚಾಂಗದ ಮೇಲೆ ರಕ್ತದ ಹೆಬ್ಬೆರಳು ಸಿಕ್ಕಿತು, ಅದು ಹಳೇ ಆಳು ಕಂಗಾಲಿ ಚರಣನದ್ದು ಅಂತಲೂ ಗೊತ್ತಾಯಿತು. ಆದರೂ ಶಿಕ್ಷೆ ಆಗಿದ್ದು ಕಳ್ಳತನಕ್ಕೆ ಮಾತ್ರ. ಕೊಲೆಗೆ ಆಗಲಿಲ್ಲ. ಬೆರಳು ಅಲ್ಲಿತ್ತು ಅಂದರೆ ಮನುಷ್ಯ ಅಲ್ಲಿದ್ದ ಅಂತ ಅಷ್ಟೇ, ಹೊಡೆದವನು ಅವನೇ ಅಂತ ಹೇಗೆ? ನಮ್ಮದು ಅದಕ್ಕಿಂತ ಕಡೆ. ನಮ್ಮದರಲ್ಲಿ ರಕ್ತವೂ ಇಲ್ಲ, ಬರೀ ಮಸಿ. ಅಡಿಕೆ ತುಂಬಲು ಬಂದಾಗ ಲಾಟೀನು ಮುಟ್ಟಿದ್ದ ಎಂದುಬಿಟ್ಟರೆ?

ಅದಕ್ಕೆ ಉತ್ತರ ಸಿಕ್ಕಿದ್ದು ಸತ್ತವನ ಮಗಳಿಂದ. ಆಗ ಹನ್ನೊಂದು ವರ್ಷದ ಹುಡುಗಿ, ಈಗ ಮೂವತ್ತೈದರ ಅಂಗನವಾಡಿ ಟೀಚರು. ಆಗ ಅವಳನ್ನು ಯಾರೂ ಏನೂ ಕೇಳಿರಲಿಲ್ಲ, ಮಗು ಅಂತ. ಲಾಟೀನು ಎಲ್ಲಿರುತ್ತಿತ್ತು, ಯಾರು ಹಚ್ಚುತ್ತಿದ್ದರು ಅಂತ ಸುಮ್ನೆ ಕೇಳುತ್ತಾ ಹೋದೆ. "ಗಾಜು ಒರೆಸೋದು ನನ್ನ ಕೆಲಸ ಅಲ್ವಾ ಸರ್. ಅಮ್ಮನ ಕೈ ಒಳಗೆ ಹೋಗ್ತಿರ್ಲಿಲ್ಲ. ದಿನಾ ಸಂಜೆ ಬೂದಿ ಹಾಕಿ ತಿಕ್ಕಿ, ಹಳೇ ಪಂಚೆ ಬಟ್ಟೇಲಿ ಒರೆಸಿ ಕೊಡ್ತಿದ್ದೆ. ಅವತ್ತೂ ಒರೆಸಿದೀನಿ. ಅಪ್ಪ ಮಲಗೋಕೆ ಹೋಗುವಾಗ ನಾನೇ ಕೈಗೆ ಕೊಟ್ಟಿದ್ದು."

ನನಗೆ ಒಂದು ನಿಮಿಷ ಪೆನ್ನು ಓಡಲಿಲ್ಲ. ಲಾಟೀನು ಕಾಲದಲ್ಲಿ ಬೆಳೆದ ಯಾರಿಗೆ ಇದು ಗೊತ್ತಿಲ್ಲ ಹೇಳಿ! ನಮ್ಮ ಮನೆಯಲ್ಲೂ ಗಾಜು ಒರೆಸುತ್ತಿದ್ದುದು ನನ್ನ ತಂಗಿಯೇ. ಸಂಜೆ ಒರೆಸಿದ ಗಾಜಿಗೆ ಮಸಿ ಹಿಡಿದಿದ್ದು ಆ ರಾತ್ರಿ. ಮಸಿಯಲ್ಲಿ ಹೆಬ್ಬೆರಳು ಬಿದ್ದಿದ್ದೂ ಆ ರಾತ್ರಿಯೇ. ಹತ್ತು ದಿನದ ಹಿಂದಿನದ್ದು ಅಂತ ಇನ್ನು ಯಾವ ವಕೀಲರೂ ಹೇಳುವ ಹಾಗಿಲ್ಲ.

ಆರೋಪಿಯನ್ನು ಹುಡುಕಿದ್ದು ದೊಡ್ಡ ವಿಷಯವಲ್ಲ. ಹಳೇ ವಿಳಾಸದಲ್ಲಿ ಇರಲಿಲ್ಲ. ಮತದಾರರ ಪಟ್ಟಿ ಹಿಡಿದು ಹೋದರೆ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ಸಿಕ್ಕಿದ. ಓಡಲಿಲ್ಲ. ಊರಿನ ಹೆಸರು ಹೇಳಿದ ಕೂಡಲೇ ಕೈ ಒರೆಸಿಕೊಂಡು ಅಂಗಿ ಹಾಕಿಕೊಂಡ. ಜೀಪಿನಲ್ಲಿ ಎಲ್ಲಾ ಹೇಳಿದ, ಜೊತೆಗಿದ್ದ ಇನ್ನೊಬ್ಬ ಸತ್ತು ಏಳು ವರ್ಷ ಆಯಿತು ಅಂತಲೂ ಹೇಳಿದ. ನಮ್ಮ ಮುಂದೆ ಹೇಳಿದ್ದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ, ಆಗಿನ ಸಾಕ್ಷ್ಯ ಕಾಯ್ದೆಯ 25ನೇ ಕಲಂ. ಆದರೂ ನನಗೆ ಒಂದು ಕೇಳಬೇಕಿತ್ತು. ಇಷ್ಟು ವರ್ಷ ನಾನು ಆ ಲಾಟೀನಿನ ಬಗ್ಗೆ ಯೋಚಿಸಿದ್ದೆ. ಮನುಷ್ಯನ ತಲೆ ಒಡೆದವನು ಉರುಳಿದ ದೀಪವನ್ನು ಎತ್ತಿ ನಿಲ್ಲಿಸುತ್ತಾನೆ ಎಂದರೆ ಒಳಗೆ ಏನೋ ಉಳಿದಿರಬೇಕು ಅಂತ. ಯಾಕೆ ಎತ್ತಿಟ್ಟೆ ಎಂದು ಕೇಳಿದೆ. "ಬೆಂಕಿ ಹತ್ಕೊಂಡ್ರೆ ಊರೆಲ್ಲಾ ಎದ್ದುಬಿಡ್ತಿತ್ತಲ್ಲ ಸಾರ್" ಎಂದ.

ಆದರೆ ಆರೋಪಿಯ ಹತ್ತಿರ ಹೋಗುವ ಮೊದಲು ಒಂದು ಮನೆಗೆ ಹೋಗಿದ್ದೆ. ಅದನ್ನು ಬೇಕಂತಲೇ ಕೊನೆಗಿಟ್ಟೆ.

ಚಾರ್ಜ್‌ಶೀಟ್ ಹಾಕುವಾಗ, ಮೊದಲು ಅನುಮಾನಿಸಿದವನನ್ನು ಯಾಕೆ ಕೈಬಿಟ್ಟಿರಿ ಎಂಬ ಪ್ರಶ್ನೆ ಬರುತ್ತದೆ. ಸ್ಲಿಪ್ಪು ಫೈಲಿನಲ್ಲಿದೆಯಲ್ಲ. ಅವನ ಹೇಳಿಕೆ ಬೇಕು. ಮೇಡಂ ಬೇರೆಯವರನ್ನು ಕಳಿಸುತ್ತೇನೆ ಎಂದರು. ಅಷ್ಟು ಹೊತ್ತಿಗೆ ನಾನು ಅವರಿಗೆ ಎಲ್ಲಾ ಹೇಳಿದ್ದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಪೇಪರ್‌ವೇಟ್ ತಿರುಗಿಸುತ್ತಾ ಕೂತಿದ್ದರು. ನಾನೇ ಹೋಗ್ತೀನಿ ಎಂದೆ.

ಗುಡ್ಡದ ಇಳಿಜಾರಿನಲ್ಲಿ ಹೆಂಚಿನ ಮನೆ. ಹೆಂಡತಿ ಬೆಲ್ಲ, ನೀರು ತಂದಿಟ್ಟು ಒಳಗೆ ಹೋದರು. ಆತ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಅಡಿಕೆ ಕತ್ತರಿಸುತ್ತಿದ್ದ. ನೋಡಿದ ಕೂಡಲೇ ಗುರುತು ಹಿಡಿದ. ನನಗೆ ತಲೆ ಬೋಳಾಗಿದೆ, ಹೊಟ್ಟೆ ಬಂದಿದೆ, ಆದರೂ ಹಿಡಿದ.

"ಈಗ ಎಂತಕ್ಕೆ ಬಂದ್ರಿ?"

ಹೇಳಿದೆ. ಬೆರಳು ಸಿಕ್ಕಿದೆ, ನಿಮ್ಮದಲ್ಲ ಅಂತ ಮತ್ತೆ ಖಾತ್ರಿಯಾಗಿದೆ, ನಿಮ್ಮದೊಂದು ಹೇಳಿಕೆ ಬೇಕು. ಏಕವಚನದಲ್ಲಿ ಮಾತಾಡಿಸಿದ್ದ ಮನುಷ್ಯನನ್ನು ಬಹುವಚನದಲ್ಲಿ ಮಾತಾಡಿಸುವಾಗ ನಾಲಿಗೆ ತೊಡರುತ್ತದೆ. ಅವರು ಅಡಕತ್ತರಿ ಕೆಳಗಿಟ್ಟರು.

"ನನ್ನದಲ್ಲ ಅಂತ ನಂಗೆ ಆವಾಗ್ಲೇ ಗೊತ್ತಿತ್ತು ಮಾರಾಯ್ರೆ." ಸ್ವಲ್ಪ ಹೊತ್ತು ಬಿಟ್ಟು, "ಆ ಮೂರು ರಾತ್ರಿದ್ದು ಬರ್ಕಳ್ತೀರಾ?"

ಬರೀತೀನಿ ಎಂದೆ. ಹೇಳಿದರು. ಮರ ಹತ್ತಲು ಆಗದೆ ಹೋಗಿದ್ದು, ಹೆಂಡತಿ ಅಡಿಕೆ ಸುಲಿದು ಮನೆ ನಡೆಸಿದ್ದು, ಊರಿನಲ್ಲಿ ಇವತ್ತಿಗೂ ಕೆಲವರು ಅವನೇ ಕೊಂದವನು ಅನ್ನೋದು, ಮಗಳಿಗೆ ಗಂಡು ಹುಡುಕುವಾಗ ಆಗಿದ್ದು. ಹಗ್ಗ ಹಿಡಿದವರು ಯಾರು ಅಂತಲೂ ಹೇಳಿದರು, ನನ್ನ ಮುಖ ನೋಡದೆ, ಬೇರೆ ಯಾರದ್ದೋ ಹೆಸರು ಹೇಳುವ ಹಾಗೆ. ನನ್ನ ಹೆಸರನ್ನು ನನ್ನ ಕೈಯಲ್ಲೇ ಬರೆದೆ. ಓದಿ ಹೇಳಿದೆ. ಆಮೇಲೆ ಅವರು ಪೆನ್ನಿಗೆ ಕೈ ಚಾಚಿದರು.

ಇಲ್ಲೇ ಸಿಕ್ಕಿ ಬಿದ್ದೆ. ಪೊಲೀಸರು ಬರೆದುಕೊಳ್ಳುವ ಸಾಕ್ಷಿಯ ಹೇಳಿಕೆಗೆ ಸಾಕ್ಷಿಯಿಂದ ಸಹಿ ಹಾಕಿಸುವ ಹಾಗಿಲ್ಲ. ಕಾನೂನೇ ಹಾಗಿದೆ, ಪೊಲೀಸರು ಬಲವಂತ ಮಾಡಿ ಹಾಕಿಸಿಕೊಳ್ಳಬಾರದು ಅಂತ. ಸಹಿ ಬೇಡ ಎಂದೆ. ಅವರು ನಕ್ಕರು, ಚೆನ್ನಾಗಿರಲಿಲ್ಲ ಆ ನಗು. "ಆವಾಗ್ಲೂ ಬರೀಲಿಲ್ಲ. ಈಗ ಬರೆದ್ರೂ ಸಹಿ ಬ್ಯಾಡ. ನಾಳೆ ಹರಿದು ಹಾಕೋಕೆ ಸಸಾರ." ಎಷ್ಟು ಬಿಡಿಸಿ ಹೇಳಿದರೂ ಒಪ್ಪಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಒಪ್ಪುತ್ತಿರಲಿಲ್ಲ.

ಒಂದೇ ದಾರಿ ಇತ್ತು, ಅದೇ ಹಳೇ ಸಿಆರ್‌ಪಿಸಿಯ 164ನೇ ಕಲಂ. ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಕೊಡುವ ಹೇಳಿಕೆ. ಅದಕ್ಕೆ ಸಹಿ ಉಂಟು, ಪೊಲೀಸರಿಗೆ ಒಳಗೆ ಜಾಗ ಇಲ್ಲ. ಮೇಡಂ ಹತ್ತಿರ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ನಿಮ್ಮ ರಿಟೈರ್‌ಮೆಂಟಿಗೆ ಎಷ್ಟು ತಿಂಗಳಿದೆ?" ಹತ್ತು ಎಂದೆ. ಅರ್ಜಿ ಟೈಪ್ ಮಾಡಿಸಿದರು. ಠಾಣೆಯಲ್ಲಿ ಕೆಲವರು ನನ್ನ ಜೊತೆ ಊಟಕ್ಕೆ ಕೂರುವುದು ಬಿಟ್ಟರು. ಇವನಿಗೆ ಯಾಕೆ ಬೇಕಿತ್ತು, ಎಲ್ಲರ ಮೇಲೂ ಕೆಸರು ಅಂತ. ಆಗಿನ ಸಾಹೇಬರು ತೀರಿಕೊಂಡಿದ್ದರು, ಸತ್ತವರ ಹೆಸರು ಯಾಕೆ ಎತ್ತಬೇಕು ಅಂತಲೂ ಅಂದರು.

ಹೇಳಿಕೆ ಕೊಡುವ ದಿನ ಕೋರ್ಟಿಗೆ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಒಂದೂವರೆ ಗಂಟೆ ಒಳಗಿದ್ದರು. ಬಲಗೈ ಮೇಲೇಳಲ್ಲ, ಮೇಜಿನ ಮೇಲೆ ಎಡಗೈಯಿಂದ ಎತ್ತಿಟ್ಟುಕೊಂಡು ಸಹಿ ಮಾಡಿದರಂತೆ. ಬೆಂಚ್ ಕ್ಲರ್ಕ್ ಆಮೇಲೆ ಹೇಳಿದ್ದು.

ಆರೋಪಿ ಒಳಗೆ ಹೋದ ಎಂಬತ್ತನಾಲ್ಕನೇ ದಿನ ಚಾರ್ಜ್‌ಶೀಟ್ ಹಾಕಿದೆವು. ತೊಂಬತ್ತು ದಾಟಿದ್ದರೆ ಕೇಳಿದ ಕೂಡಲೇ ಜಾಮೀನು ಕೊಡಬೇಕಿತ್ತು. ನನಗೆ ನೋಟಿಸು ಬಂತು. ಆರೋಪಗಳನ್ನು ಒಪ್ಪುತ್ತೀರಾ ಎಂಬ ಕಾಲಂನಲ್ಲಿ ಹೌದು ಎಂದು ಬರೆದೆ. ನಿವೃತ್ತಿ ದಿನ ಹಾರ, ಶಾಲು, ಮೈಸೂರು ಪಾಕ್ ಎಲ್ಲಾ ಆಯಿತು. ನನ್ನ ಮೇಲಿನ ವಿಚಾರಣೆ ಮುಗಿಯೋವರೆಗೂ ಗ್ರಾಚ್ಯುಟಿ ಬರಲ್ಲ. ಮಗಳು ಫೋನ್ ಮಾಡಿ, "ಅಪ್ಪಾ, ಅದು ನಿಜಾನಾ?" ಎಂದಳು. ನಿಜ ಎಂದೆ. ಆಮೇಲೆ ತಿಂಗಳು ಫೋನ್ ಮಾಡಲಿಲ್ಲ. ಈಗ ಮಾಡುತ್ತಾಳೆ, ಬೇರೆ ವಿಷಯ ಮಾತಾಡುತ್ತೇವೆ.

ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ನಡೀತಾ ಇದೆ. ಹೋದ ವಾಯಿದೆಗೆ ನನಗೂ ಆ ಕೊನೆ ತೆಗೆಯುವವರಿಗೂ ಒಂದೇ ದಿನ ಸಮನ್ಸ್ ಬಂದಿತ್ತು. ವರಾಂಡದಲ್ಲಿ ಒಂದೇ ಬೆಂಚು. ಅವರು ಆ ತುದಿ, ನಾನು ಈ ತುದಿ. ಮಧ್ಯೆ ಒಬ್ಬ ಪೇದೆ, ಒಬ್ಬರು ವಕೀಲರ ಗುಮಾಸ್ತರು. ಹನ್ನೊಂದು ಗಂಟೆಗೆ ಅವರು ಸಂಚಿ ಬಿಚ್ಚಿ ಕವಳ ಹಾಕಿಕೊಂಡರು. ಪೇದೆಗೆ ಒಂದು ಎಲೆ ಕೊಟ್ಟರು, ಗುಮಾಸ್ತರಿಗೆ ಕೊಟ್ಟರು, ಸಂಚಿ ಕಟ್ಟಿದರು. ನಮ್ಮ ಕಡೆ ಪಕ್ಕ ಕೂತವನಿಗೆ ಕವಳ ಚಾಚದೆ ಯಾರೂ ಸಂಚಿ ಕಟ್ಟಲ್ಲ.

ಮಧ್ಯಾಹ್ನ ಕೂಗು ಬಂತು. ಆರೋಪಿ ಪರ ವಕೀಲರು ಬಂದಿಲ್ಲ, ಮುಂದಕ್ಕೆ ಹಾಕಿದ್ದಾರೆ ಎಂದರು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ, "ಮತ್ತೆ ಯಾವತ್ತಂತೆ?" ಎಂದು ಕೇಳಿದರು. ತಾರೀಖು ಹೇಳಿದೆ. ಮನಸ್ಸಿನಲ್ಲೇ ಎಣಿಸಿದರು.

"ಅವತ್ತು ಶನಿವಾರ. ನಮ್ಮೂರ ಬಸ್ಸು ಶನಿವಾರ ಬರೋದಿಲ್ಲ" ಎಂದರು, ಛತ್ರಿ ಬಿಡಿಸಿಕೊಂಡು ಹೊರಟರು.